ಮಂದಾರಾದೇವಿಯ ಚಿಲಕ

ಮೂರು ದಿನದಿಂದ ನನ್ನ ಮೇಜಿನ ಮೇಲಿನ ಕಾಗದಗಳು ಹಾರಾಡುತ್ತಿವೆ. ಕಿಟಕಿ ಮುಚ್ಚಿದರೆ ಸೆಕೆ, ತೆರೆದರೆ ಕೃಷ್ಣೆಯ ಕಡೆಯಿಂದ ಗಾಳಿ. ಈಗಷ್ಟೇ ಒಂದು ಹಾಳೆ ಬೀದಿಗಿಳಿಯಿತು. ಎದುರಿನ ಅಂಗಡಿಯವನು ಅದರಲ್ಲಿ ಯಾರಿಗೆ ಚುರುಮುರಿ ಕಟ್ಟಿಕೊಟ್ಟನೋ ಗೊತ್ತಿಲ್ಲ. ಒಂದು ಕಲ್ಲು ಇಡಬಾರದೇನಪ್ಪಾ ಎಂದು ನೀವು ಕೇಳುತ್ತೀರಿ. ಇಡಬಹುದು. ಆದರೆ ಎರಡು ವರ್ಷ ಆ ಜಾಗದಲ್ಲಿ ಒಂದು ಹಿತ್ತಾಳೆಯ ಚಿಲಕ ಕೂತಿತ್ತು. ಮೂರು ದಿನದ ಹಿಂದೆ ಅದು ಎದ್ದು ತನ್ನ ಸ್ವಂತ ಕೆಲಸಕ್ಕೆ ಹೋಯಿತು. ಅದರ ಜಾಗದಲ್ಲಿ ಕಲ್ಲು ಇಡಲು ನನಗೆ ಯಾಕೋ ನಾಚಿಕೆ.

ಚಿಲಕದ ವಿಷಯದಲ್ಲಿ ನನ್ನ ಜ್ಞಾನ ಸಣ್ಣದಲ್ಲ. ಸಾಂಗ್ಲಿ ಪೇಟೆಯಲ್ಲಿ ನಮ್ಮ ಮಲ್ಲಪ್ಪಕಾಕಾನದು ಕಬ್ಬಿಣದ ಸಾಮಾನಿನ ಅಂಗಡಿ. ಅಪ್ಪ ಅವ್ವ ನನಗೆ ನೆನಪು ಬರುವ ಮೊದಲೇ ಹೋದರು. ಅಪ್ಪನ ತಮ್ಮ ಈ ಕಾಕಾ ಮತ್ತು ಅವ್ವನ ಅಕ್ಕ ಗಂಗಾಮಾವಶಿ ಸೇರಿ ನನ್ನನ್ನು ಬೆಳೆಸಿದರು. ‘ಸೇರಿ’ ಎಂದೆನಲ್ಲ, ಅದು ಪೂರ್ತಿ ನಿಜವಲ್ಲ. ಕಾಕಾನಿಗೆ ಹೆಂಡತಿ ಇಲ್ಲ, ಮಾವಶಿಗೆ ಗಂಡ ಇಲ್ಲ. ಒಂದೇ ಸೂರಿನಡಿ ಇದ್ದು ಪೇಟೆಯ ಬಾಯಿಗೆ ಬೀಳಬಾರದೆಂದು ಇಬ್ಬರೂ ಮೊದಲ ದಿನವೇ ಒಂದು ಏರ್ಪಾಡು ಮಾಡಿಕೊಂಡಂತೆ ಕಾಣುತ್ತದೆ: ಒಬ್ಬರೊಡನೊಬ್ಬರು ನೇರ ಮಾತಾಡುವುದಿಲ್ಲ. ಎಲ್ಲವೂ ನನ್ನ ಮೂಲಕ.

“ಈರ್ಯಾ, ಚಾ ಆತೇನಂತ ಕೇಳು ನಿಮ್ಮ ಮಾವಶೀನ್ನ.”

“ಆಗೇತಿ, ಆರೂಕಿಂತ ಮೊದಲ ಕುಡೀರಿ ಅಂತ ಹೇಳು ನಿಮ್ಮ ಕಾಕಾಗ.”

ಮೂವರೂ ಕೂತಿರುತ್ತಿದ್ದದ್ದು ಒಂದೇ ಅಡುಗೆಮನೆಯಲ್ಲಿ, ಕೈ ಚಾಚಿದರೆ ಸಿಗುವಷ್ಟು ಹತ್ತಿರ. ಈಗ ನನಗೆ ಇಪ್ಪತ್ಮೂರು. ಇಪ್ಪತ್ತು ವರ್ಷದಿಂದ ನಾನು ಆ ಮನೆಯ ಅಂಚೆ ಕಚೇರಿ.

ಮಾವಶಿಯ ಕೋಣೆ ಮನೆಯ ಹಿಂಭಾಗದಲ್ಲಿ. ಅದು ಮೊದಲು ಅಂಗಡಿಯ ಹೆಚ್ಚಿನ ಮಾಲು ಇಡುವ ಕೋಣೆಯಾಗಿತ್ತು. ಮಾವಶಿ ಬಂದ ಮೇಲೂ ಹಾಗೆಯೇ ಉಳಿಯಿತು, ಮೊಳೆಯ ಪೆಟ್ಟಿಗೆಗಳ ನಡುವೆ ಒಂದು ಮಂಚ ಸೇರಿತು, ಅಷ್ಟೇ. ಸಾಮಾನಿನ ಕೋಣೆಗೆ ಇರಬೇಕಾದಂತೆ ಅದಕ್ಕೂ ಹೊರಗಿನಿಂದ ಚಿಲಕ. ಯಾರಿಗೆ ಯಾವಾಗ ಮೊಳೆ ಬೇಕಾದರೂ ಬಾಗಿಲು ತಳ್ಳಿ ಒಳಗೆ ಹೋಗುತ್ತಿದ್ದರು. ಮಾವಶಿ ತಲೆ ಬಾಚುತ್ತಿರಲಿ, ಲಿಂಗಪೂಜೆಗೆ ಕೂತಿರಲಿ, “ಎರಡ ಇಂಚಿನ ಮೊಳಿ ಬೇಕಾಗಿದ್ವು” ಎಂದರೆ ಆಯಿತು. ಮಾವಶಿ ಸೆರಗು ಎಳೆದುಕೊಂಡು ಗೋಡೆಯ ಕಡೆ ತಿರುಗಿ ನಿಲ್ಲುತ್ತಿದ್ದರು. ನಾನೂ ನೂರಾರು ಸಲ ಹಾಗೆ ಹೋಗಿ ಮೊಳೆ ತಂದಿದ್ದೇನೆ. ಮೊಳೆ ಸರಿಯಾದ ಅಳತೆಯದೇ ತಂದೆನೇ ಎಂಬುದೊಂದೇ ನನ್ನ ಚಿಂತೆಯಾಗಿತ್ತು.

ಕಾಕಾನ ಪ್ರಕಾರ ಚಿಲಕ ಎಂದರೆ ಹೊರಗಿನದೇ. ಸಾಂಗ್ಲಿ ಅರಿಷಿಣದ ಊರು. ಹರಿಪುರದ ನೆಲಮಾಳಿಗೆಗಳಿಂದ ಅರಿಷಿಣ ತೆಗೆದು ಪೇಟೆಯ ವಖಾರಗಳಿಗೆ, ಅಂದರೆ ಗೋದಾಮುಗಳಿಗೆ, ತುಂಬುತ್ತಾರೆ. ವಖಾರದ ಮಾಲಕರೇ ನಮ್ಮ ಅರ್ಧ ಗಿರಾಕಿಗಳು. ಒಳಗೆ ಮಾಲು, ಹೊರಗೆ ಚಿಲಕ, ಚಿಲಕಕ್ಕೆ ಬೀಗ, ಕೀಲಿಕೈ ಮಾಲಕನ ಸೊಂಟದಲ್ಲಿ. ಮೀಸೆ ಬರುವ ಮೊದಲೇ ನಾನು ಕಣ್ಣು ಮುಚ್ಚಿ ಚಿಲಕ ಕೂರಿಸಬಲ್ಲವನಾಗಿದ್ದೆ. ಈ ವಿದ್ಯೆ ಮುಂದೆ ನನ್ನ ಮಾನ ಹೇಗೆ ಕಳೆಯಿತು ಎಂಬುದೇ ಈ ಕಥೆ. ಆದರೆ ಅದಕ್ಕೆ ಮೊದಲು ಸಿನಿಮಾದ ವಿಷಯ ಹೇಳಬೇಕು.

ಸಿನಿಮಾ ನನಗೆ ಯಾರೂ ಕಲಿಸಲಿಲ್ಲ. ಅದಕ್ಕೇ ಅದರಲ್ಲಿ ನನಗೆ ಗೊತ್ತಿಲ್ಲದ್ದು ಏನೂ ಇಲ್ಲ. ಸಾಂಗ್ಲಿಗೆ ಒಬ್ಬ ರಾಜರು, ಆರು ಮೈಲು ಆಚೆಯ ಮಿರಜಿಗೆ ಇನ್ನೊಬ್ಬರು. ಮಿರಜಿನ ಡೇರೆಯಲ್ಲಿ ಆಟ ನೋಡಲು ನಾನು ಪ್ರತಿ ವಾರ ಒಂದು ಸಂಸ್ಥಾನ ಬಿಟ್ಟು ಇನ್ನೊಂದಕ್ಕೆ ನಡೆದು ಹೋಗುತ್ತಿದ್ದೆ. ಇದನ್ನು ನಾನು ಗೆಳೆಯರಲ್ಲಿ ವಿದೇಶ ಪ್ರವಾಸ ಎಂದೇ ಹೇಳಿಕೊಂಡಿದ್ದೇನೆ. ನೀಲಿ, ಗುಲಾಬಿ ಜಾಹೀರಾತು ಚೀಟಿಗಳನ್ನೆಲ್ಲ ತಗಡಿನ ಪೆಟ್ಟಿಗೆಯಲ್ಲಿ ಕೂಡಿಟ್ಟಿದ್ದೆ. ಒಮ್ಮೆ ಮಿರಜ ಸ್ಟೇಷನ್ನಿನಲ್ಲಿ ಗೋಣಿತಟ್ಟು ಹೊದಿಸಿದ ಒಂದು ಕ್ಯಾಮರಾ ನೋಡಿದ್ದೆ. ತಟ್ಟು ತೆಗೆದು ತೋರಿಸಲಿಲ್ಲ. ಆ ತಟ್ಟಿನ ಆಧಾರದ ಮೇಲೆ ಕ್ಯಾಮರಾ ಹೇಗೆ ಕೆಲಸ ಮಾಡುತ್ತದೆಂದು ಮೂರು ವರ್ಷ ಉಪನ್ಯಾಸ ಕೊಟ್ಟೆ.

ಇಷ್ಟು ಅರ್ಹತೆ ಇದ್ದ ಮೇಲೆ ಒಂದು ಗ್ರಂಥ ಬರೆಯದೆ ಇರುವುದು ಹೇಗೆ? ‘ಮಂದಾರಾದೇವಿ: ಜೀವನ ಮತ್ತು ಸಾಧನೆ’ ಎಂದು ವಹಿಯ ಮೇಲೆ ದೊಡ್ಡದಾಗಿ ಬರೆದೆ. ಮೊದಲ ಅಧ್ಯಾಯ, ಜನನ. ಅಲ್ಲೇ ಗಾಡಿ ನಿಂತಿತು.

ಆಕೆಯ ಮೊದಲಿನ ಹೆಸರು ತುಳಸವ್ವ, ನಮ್ಮ ಸೀಮೆಯವಳೇ ಎಂಬುದರಲ್ಲಿ ಎಲ್ಲರದೂ ಒಂದೇ ಮಾತು. ಯಾವ ಊರು ಎಂದರೆ ಮಾತ್ರ ತೊಡಕು. ಖಂಡೇರಾಜುರಿಯಲ್ಲಿ ಕೇಳಿದೆ. “ನಮ್ಮೂರಾಕಿ ಅಲ್ಲೋ ತಮ್ಮಾ, ಅಕಿ ಕವಲಾಪುರದಾಕಿ.” ಕವಲಾಪುರಕ್ಕೆ ಹೋದೆ. “ಏ, ಹರಿಪುರದಾಕಿ ಅಕಿ!” ಹರಿಪುರದಲ್ಲಿ ಅರಿಷಿಣ ಒಣಗಿಸುತ್ತಿದ್ದ ಒಬ್ಬ ಮುದುಕರು ನನ್ನನ್ನು ಮೇಲಿಂದ ಕೆಳಗೆ ನೋಡಿದರು. “ಕುಣಿಯೂ ಹೆಂಗಸು ನಮ್ಮೂರಾಗ ಯಾಕ ಹುಟ್ಟತಾಳಪಾ? ಖಂಡೇರಾಜುರ್ಯಾಗ ಕೇಳು.” ಆಕೆಯ ಪಿಕ್ಚರ್ ಬಂದಾಗ ಮಾತ್ರ ಈ ಮೂರೂ ಊರಿನವರು ಮಿರಜಿನ ಡೇರೆಯಲ್ಲಿ ಮುಂದಿನ ಸಾಲಿಗಾಗಿ ಜಗಳ ಆಡುತ್ತಿದ್ದರು. ಮಾವಶಿ ಹರಿಪುರದವರಾದ್ದರಿಂದ ಅವರನ್ನೂ ಕೇಳಿ ನೋಡಿದೆ. “ನನಗೇನ ಗೊತ್ತಪಾ” ಎಂದು ಬೇಳೆ ತಿರುವಲು ಹೋದರು. ಆ ಬೇಳೆಯನ್ನು ಅವತ್ತು ಬಹಳ ಹೊತ್ತು ತಿರುವಿದರು.

ಎರಡನೆಯ ಅಧ್ಯಾಯದಿಂದ ಗ್ರಂಥ ಸಲೀಸು, ಚೀಟಿಗಳಲ್ಲೇ ಎಲ್ಲ ಇತ್ತಲ್ಲ. ಮೂಕಚಿತ್ರದ ಕಾಲದಲ್ಲಿ ಆಕೆ ‘ಮಿಸ್ ಮಂದಾರ’. ಕುದುರೆ ಓಡಿಸಿದಳು, ಬಾವಿಗೆ ಹಾರಿದಳು, ಬಾಯಿ ತೆರೆದು ಅತ್ತಳು, ಅಳುವಿನ ಸದ್ದನ್ನು ಡೇರೆಯ ಹಾರ್ಮೋನಿಯಂನವನು ಮಾಡಿದ. ಮಾತಿನ ಚಿತ್ರ ಬಂದ ಮೇಲೆ ‘ಮಂದಾರಾದೇವಿ’ ಆದಳು, ಚೀಟಿಯಲ್ಲಿ ಹೆಸರು ನಾಯಕನ ಹೆಸರಿಗಿಂತ ಒಂದು ಬೆರಳು ದೊಡ್ಡದಾಯಿತು. ಎಲ್ಲರೂ ಮಾತಾಡಿ ಮಾತಾಡಿ ಎಂದು ಹುರಿದುಂಬಿಸುತ್ತಿದ್ದ ಕಾಲ ಅದು. ಆಕೆ ಅದನ್ನು ಸ್ವಲ್ಪ ಹೆಚ್ಚಾಗಿ ನಂಬಿದಳೆಂದು ಕಾಣುತ್ತದೆ. ಪರದೆಯ ಹೊರಗೂ ಮಾತಾಡಿದಳು.

ನಟಿಯರು, ಹಾಡುವವರು, ಕುಣಿಯುವವರೆಲ್ಲ ಸೇರಿದ ಒಂದು ಸಂಘ ಕಟ್ಟಿದಳು. ಪತ್ರಿಕೆಯವರು ಭಯಂಕರವಾದದ್ದೇನೋ ಹೊರಬೀಳುತ್ತದೆಂದು ಪೆನ್ಸಿಲ್ ಹದಮಾಡಿಕೊಂಡು ಓಡಿದರು. ಬೇಡಿಕೆ ಬಂದದ್ದು ಇಷ್ಟೇ: ಹೆಂಗಸರು ಬಟ್ಟೆ ಬದಲಿಸಲು ಒಂದು ಕೋಣೆ. ಕೋಣೆಗೊಂದು ಬಾಗಿಲು. ಬಾಗಿಲಿಗೆ ಒಳಗಿನಿಂದ ಚಿಲಕ. ಪತ್ರಿಕೆಯವರಿಗೆ ಎಂಥ ನಿರಾಶೆ! ಸ್ಟುಡಿಯೋ ಮಾಲಕರು ಮಾತ್ರ ಮನಸಾರೆ ನೊಂದುಕೊಂಡರು. ನಾವೆಲ್ಲ ಒಂದು ಕುಟುಂಬದ ಹಾಗೆ ಇದ್ದೇವೆ, ಕುಟುಂಬದಲ್ಲಿ ಚಿಲಕವೇ ಎಂದರು. ಆ ಮೇಲೆ ಅದೇ ಕುಟುಂಬದಿಂದ ಕರೆ ಬರುವುದು ಒಂದೊಂದಾಗಿ ನಿಂತಿತು. ಚೀಟಿಯಲ್ಲಿ ಹೆಸರು ಸಣ್ಣದಾಗುತ್ತ ಹೋಗಿ ಒಂದು ದಿನ ಮುದ್ರಕನ ಹೆಸರಿಗಿಂತ ಕೆಳಗೆ ಇಳಿಯಿತು. ಜನರ ಬಾಯಲ್ಲಿ ಈಗ ಮಿಸ್ ಇಲ್ಲ, ದೇವಿ ಇಲ್ಲ, ‘ಚಿಲಕದ ಬಾಯಿ’. ನಮ್ಮ ಕಡೆ ಮರಾಠಿಯ ಹಾಗೆ ‘ಬಾಯಿ’ ಎಂದರೆ ಹೆಂಗಸು. ನಾನು ವಹಿಯಲ್ಲಿ ‘ಇದೊಂದು ಕ್ರಾಂತಿ’ ಎಂದು ಬರೆದು ಕೆಳಗೆ ಎರಡು ಗೆರೆ ಎಳೆದೆ. ಆಮೇಲೆ ಮೊಳೆ ತರಲು ಹಿಂದಿನ ಕೋಣೆಗೆ ಹೋದೆ.

ಸಿನಿಮಾ ಕೈಬಿಟ್ಟ ಮೇಲೆ ಆಕೆ ನಾಟಕಕ್ಕೆ ಬಂದಳು. ಎರಡು ವರ್ಷದ ಹಿಂದೆ ಆ ನಾಟಕ ಕಂಪನಿ ಸಾಂಗ್ಲಿಗೆ ಬಂತು. ಖಾಲಿಯಾದ ಒಂದು ಅರಿಷಿಣದ ವಖಾರದಲ್ಲಿ ರಂಗ ಕಟ್ಟಿದರು. ನಟರೆಲ್ಲ ಮಾತಿನ ನಡುವೆ ಹಳದಿ ಸೀನುತ್ತಿದ್ದರಂತೆ. ಭಾನುವಾರ ಮೂರು ಗಂಟೆಗೆ ಆಟ. ಅವತ್ತು ಊಟದ ಹೊತ್ತಿಗೆ ಕಂಪನಿಯ ಮ್ಯಾನೇಜರ್ ಬಾಪುಸಾಹೇಬರು ಬೆವರೊರೆಸಿಕೊಳ್ಳುತ್ತ ನಮ್ಮ ಅಂಗಡಿಗೆ ಬಂದರು.

“ಮಲ್ಲಪ್ಪಣ್ಣಾ, ಒಂದ ಚಿಲಕಾ ಬೇಕಾಗಿತ್ರಿ.”

“ಆ ವಖಾರಕ್ಕ ನಾನ ಕೊಟ್ಟೇನಲ್ರಿ ಚಿಲಕಾ. ಹತ್ತ ವರ್ಷ ಆತು, ಇನ್ನೂ ಗಟ್ಟಿ ಐತಿ.”

“ಅದು ದೊಡ್ಡ ಬಾಗಲದ್ದರಿ. ಹೆಂಗಸರಿಗೆ ಅಂತ ಹಲಗಿ ಹೊಡದು ಒಂದು ಖೋಲಿ ಮಾಡೇವಿ. ಆ ಬಾಗಲಕ್ಕ ಒಳಗ ಚಿಲಕಾ ಇಲ್ಲದ ಬಣ್ಣಾ ಹಚ್ಚಂಗಿಲ್ಲ ಅಂತ ಬಾಯಿಯವರು ಕುಂತಬಿಟ್ಟಾರ್ರಿ.”

“ಒಳಗ?” ಕಾಕಾ ಅಡಕೊತ್ತು ಕೆಳಗಿಟ್ಟರು. “ಒಳಗ ಏನ ಮಾಲ ಐತಿ?”

“ಮಾಲ ಏನಿಲ್ಲರಿ. ಬಾಯಿಯವರು, ಮತ್ತ ಇಬ್ಬರು ಹುಡುಗ್ಯಾರು.”

ಕಾಕಾ ನಿಜವಾಗಿಯೂ ಯೋಚನೆಗೆ ಬಿದ್ದರು. ವ್ಯಾಪಾರದಲ್ಲಿ ಇಂಥದ್ದನ್ನು ಅವರು ಕಂಡಿರಲಿಲ್ಲ. “ಅಂದ್ರ ಬಾಪುಸಾಹೇಬ, ಮಾಲ ತಾನ ಒಳಗಿಂದ ಚಿಲಕಾ ಹಾಕ್ಕೋತೈತೇನ್ರಿ?”

ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ನಾನೂ ನಕ್ಕೆ. ಎರಡು ಗೆರೆ ಎಳೆದವನು ನಾನೇ, ನಕ್ಕವನೂ ನಾನೇ.

ನಕ್ಕ ತಪ್ಪಿಗೆ ಅಂಗಡಿಯಲ್ಲಿದ್ದ ಅತ್ಯುತ್ತಮ ಹಿತ್ತಾಳೆ ಚಿಲಕ ಆರಿಸಿಕೊಂಡೆ. ಬೈರಿಗೆ, ಸ್ಕ್ರೂಡ್ರೈವರ್, ಕಂಕುಳಲ್ಲಿ ನನ್ನ ಗ್ರಂಥ. ಹೊರಟೆ.

ನಾನು ಕಲ್ಪಿಸಿಕೊಂಡಿದ್ದ ಮಂದಾರಾದೇವಿಯ ಕೆಳಗೆ ಒಂದು ಕುದುರೆ ಇತ್ತು. ಕಂಡದ್ದು ಟ್ರಂಕಿನ ಮೇಲೆ ಕೂತು ಕನ್ನಡಕ ಹಾಕಿಕೊಂಡು ಶೇಂಗಾ ಸುಲಿಯುತ್ತಿದ್ದ ಒಬ್ಬ ಹೆಂಗಸು. ಪಕ್ಕದಲ್ಲಿ ಹದಿನಾರು ಹದಿನೇಳರ ಇಬ್ಬರು ಹುಡುಗಿಯರು. ನಾನು ಬಾಗಿಲಲ್ಲಿ ನಿಂತಿದ್ದಷ್ಟು ಹೊತ್ತಿನಲ್ಲೇ ಮೂವರು ಗಂಡಸರು ಒಳಗೆ ಹೋಗಿ ಬಂದರು. ಹಾರ್ಮೋನಿಯಂನವನು ತಂಬಾಕಿನ ಡಬ್ಬಿ ಹುಡುಕಲು. ಡಬ್ಬಿ ಅವನ ಕೈಯಲ್ಲೇ ಇತ್ತು. ಇನ್ನೊಬ್ಬ, ಯಾರೋ ದೊಡ್ಡವರ ಮೈದುನ, “ಸುಮ್ಮನ ನೋಡಿ ಹೋಗೂಣು” ಅಂತ. ಮೂರನೆಯವನು ಕಾರಣವನ್ನೇ ಹೇಳಲಿಲ್ಲ. ಪ್ರತಿ ಸಲವೂ ಹುಡುಗಿಯರು ಕುಪ್ಪಸವನ್ನು ಎದೆಗೆ ಒತ್ತಿ ಹಿಡಿದು ಗೋಡೆಯ ಕಡೆ ತಿರುಗಿದರು. ಹಾಗೆ ತಿರುಗುವುದನ್ನು ನಾನು ಎಲ್ಲೋ ನೋಡಿದ್ದೇನೆ ಅನ್ನಿಸಿತು. ಎಲ್ಲಿ ಎಂದು ನೆನಪಾಗಲಿಲ್ಲ. ಯಾವುದೋ ಪಿಕ್ಚರಿನಲ್ಲಿ ಇರಬೇಕು ಅಂದುಕೊಂಡೆ.

“ನೀ ಏನ ಹುಡುಕಾಕ ಬಂದೀಪಾ?” ಬಾಯಿಯವರು ತಲೆ ಎತ್ತದೆ ಕೇಳಿದರು.

“ಹುಡುಕಾಕ ಅಲ್ಲರಿ ಬಾಯೀ, ಚಿಲಕಾ ಹಾಕಾಕ ಬಂದೇನಿ. ಈರಣ್ಣಾ ಅಂತ.”

ಕನ್ನಡಕ ತೆಗೆದು ನೋಡಿದರು. “ಮುಂಜಾನಿಂದ ಖರೇ ಕೆಲಸಕ್ಕ ಬಂದಾವ ನೀನೊಬ್ಬನ ನೋಡು.”

“ನಿಮ್ಮ ಎಲ್ಲಾ ಪಿಕ್ಚರ್ ನೋಡೇನ್ರಿ. ನಿಮ್ಮ ಮ್ಯಾಲ ಒಂದು ಗ್ರಂಥಾನೂ...”

“ಮೊದಲ ಚಿಲಕಾ. ಪಿಕ್ಚರ್ ಎಲ್ಲೀ ಓಡಿ ಹೋಗೂದಿಲ್ಲ.”

ಅಳತೆ ನೋಡಲು ಬಾಗಿಲು ಮುಚ್ಚಿಕೊಂಡೆ. ಅವರು ಒಳಗೆ, ನಾನು ಹೊರಗೆ. ಇಂಥ ಅವಕಾಶ ಮತ್ತೆ ಸಿಗುತ್ತದೆಯೇ? ಹಲಗೆಯ ಸಂದಿಗೆ ಬಾಯಿ ಇಟ್ಟು ಅವರ ಜೀವನ ಚರಿತ್ರೆಯನ್ನು ಅವರಿಗೇ ಒಪ್ಪಿಸತೊಡಗಿದೆ. ಎರಡನೆಯ ಅಧ್ಯಾಯ, ಕುದುರೆ, ಮೂರನೆಯದು, ಬಾವಿ. ಒಳಗೆ ಹುಡುಗಿಯರು ಕಿಸಕ್ಕೆಂದರು. ನನ್ನ ಬಾಯಿ ಅದರ ಕೆಲಸ ಮಾಡುತ್ತಿತ್ತು, ಕೈ ಅದರ ಕೆಲಸ. ಬೈರಿಗೆಯಿಂದ ತೂತು, ಸ್ಕ್ರೂ, ಬಿಗಿತ. ‘ಕ್ರಾಂತಿ’ಯ ಅಧ್ಯಾಯ ಮುಗಿಯುವುದಕ್ಕೂ ಚಿಲಕ ಕೂರುವುದಕ್ಕೂ ಸರಿಹೋಯಿತು. ಸರಿಸಿ ನೋಡಿದೆ. ಖಟ್. ಬೆಣ್ಣೆಯ ಹಾಗೆ ಸರಿಯಿತು.

“ಈರಣ್ಣಾ, ಆತೇನಪಾ?”

“ಆತ್ರಿ ಬಾಯೀ. ಫಸ್ಟ್ ಕ್ಲಾಸ್ ಕುಂತೈತಿ.”

“ನನಗ ಕಾಣವಲ್ದಲ್ಲೋ.”

“ಇಲ್ಲೇ ಐತ್ರೆಲ್ಲ, ನನ್ನ ಕೈಯಾಗ...”

ಅಲ್ಲಿಗೆ ನನ್ನ ಬಾಯಿ ನಿಂತಿತು. ಹೆಂಗಸರ ಬಿಡುಗಡೆಯ ಬಗ್ಗೆ ಭಾಷಣ ಮಾಡುತ್ತ ಮಾಡುತ್ತ ಮೂವರು ಹೆಂಗಸರನ್ನು ವಖಾರದ ಮಾಲಿನ ಹಾಗೆ ಹೊರಗಿನಿಂದ ಬಂದ್ ಮಾಡಿ ನಿಂತಿದ್ದೆ. ಬೀಗ ಒಂದು ಬಾಕಿ. ಅಭ್ಯಾಸಬಲದಿಂದ ಅದಕ್ಕೂ ಕೈ ಕಿಸೆಗೆ ಹೋಗಿತ್ತೆಂದು ನಿಮ್ಮಲ್ಲಿ ಮಾತ್ರ ಒಪ್ಪಿಕೊಳ್ಳುತ್ತೇನೆ.

ಬಾಪುಸಾಹೇಬರು ಓಡಿ ಬಂದರು. ಹೊರಗೆ ಜನ ಆಗಲೇ ಸಿಳ್ಳೆ ಹಾಕುತ್ತಿದ್ದರು. ಚಿಲಕ ನೋಡಿ ಅವರ ಮುಖ ಅರಳಿತು. “ಅರೇ ವಾ, ಛಾನ್ ಝಾಲಂ, ಭಾಳ ಚಲೋ ಆತು! ಬಾಯೀ, ಚಿಲಕಾ ಕೇಳಿದ್ರಿ, ಚಿಲಕಾ ಬಂತು. ಯಾವ ಕಡೆ ಅಂತ ನಾಳೆ ನೋಡೂಣು. ಇನ್ನ ಬಣ್ಣಾ ಹಚ್ರಿ.”

ಒಳಗಿನಿಂದ ಶೇಂಗಾ ಒಡೆಯುವ ಸದ್ದು. ಆಮೇಲೆ ಅವರ ದನಿ. “ಬಾಪುಸಾಹೇಬ, ಪಡದೇದ ಹಗ್ಗಾ ನಿಮ್ಮ ಕೈಯಾಗ ಐತಿ. ಬಣ್ಣದ ಡಬ್ಬಿ ನನ್ನ ಕೈಯಾಗ ಐತಿ. ಇನ್ನೂ ಮುಚ್ಚಳಾ ತಗದಿಲ್ಲ.”

“ಇವತ್ತೊಂದ ದಿನಾ, ಬಾಯೀ...”

“ಹದಿನೈದ ವರ್ಷದಿಂದ ಇವತ್ತೊಂದ ದಿನಾನ ನಡದೈತ್ರಿ.”

ಬಾಪುಸಾಹೇಬರಿಗೆ ಸಿಟ್ಟು ಬಂತು. “ಈ ವಯಸ್ಸಿನಾಗ ನಿಮ್ಮನ್ನ ನೋಡಾಕ ಯಾರ ಬರ್ತಾರ್ರಿ?”

“ನನಗಂತ ಕೇಳಿಲ್ಲರಿ,” ಎಂದರು ಬಾಯಿಯವರು. “ಈ ಎರಡು ಹುಡುಗ್ಯಾರಿಗೆ. ನನಗ ಬೇಕಾದಾಗ ಯಾರೂ ಹಾಕ್ಲಿಲ್ಲ.”

ಹೊರಗಿನ ಸಿಳ್ಳೆ ಕುರ್ಚಿ ಬಡಿಯುವ ಮಟ್ಟಕ್ಕೆ ಏರಿತು. ಬಾಪುಸಾಹೇಬರು ನನ್ನತ್ತ ಕಣ್ಣು ಬಿಟ್ಟು, “ನಿಂತ ಏನ ನೋಡ್ತಿ? ತಗೀ!” ಎಂದರು, ತಪ್ಪೆಲ್ಲ ನನ್ನದೇ ಎಂಬಂತೆ. ತಪ್ಪು ನನ್ನದೇ ಆಗಿತ್ತು. ಚಿಲಕ ಸರಿಸಿದೆ, ಸ್ಕ್ರೂ ಬಿಚ್ಚಿದೆ. ಒಳಗೆ ಹೋಗಿ ಕೂರಿಸಲು ಹೆಜ್ಜೆ ಇಟ್ಟರೆ ಬಾಯಿಯವರು ಕೈ ಚಾಚಿದರು. “ಅದನ್ನಿಲ್ಲಿ ಕೊಡು. ನೀ ಅಲ್ಲೇ ನಿಂದ್ರು.” ದೊಡ್ಡ ಹುಡುಗಿ ಚಿಲಕ ಹಿಡಿದಳು, ಬಾಯಿಯವರು ಸ್ಕ್ರೂ ತಿರುಗಿಸಿದರು. ಚಿಲಕ ಸ್ವಲ್ಪ ಸೊಟ್ಟಗೆ ಕೂತಿತು. ಹೇಳಬೇಕೆಂದು ಬಾಯಿ ತೆರೆದೆ. ನನ್ನ ಪುಣ್ಯ, ಮುಚ್ಚಿಕೊಂಡೆ. ಬಾಗಿಲು ಹಾಕಿಕೊಂಡಿತು. ಒಳಗಿನಿಂದ ಖಟ್.

ಅಷ್ಟರಲ್ಲಿ ಹಾರ್ಮೋನಿಯಂನವನು ಬಂದ. ಬಾಗಿಲು ತಳ್ಳಿದ. ಅದು ತೆರೆಯಲಿಲ್ಲ. ಮತ್ತೆ ತಳ್ಳಿದ. ನಿನ್ನೆಯವರೆಗೆ ದಾರಿ ಇದ್ದಲ್ಲಿ ಇವತ್ತು ಗೋಡೆ ಎದ್ದಿದ್ದರೆ ಹೇಗೆ ನೋಡಬೇಕೋ ಹಾಗೆ ನನ್ನನ್ನು ನೋಡಿದ. “ಏನಾಗೇತಿದಕ್ಕ?”

“ಚಿಲಕಾರಿ.”

“ಒಳಗ?” ಎಂದ. ತಂಬಾಕಿನ ಡಬ್ಬಿ ಕೈಯಲ್ಲೇ ಇತ್ತು.

ಪರದೆ ಅರ್ಧ ಗಂಟೆ ತಡವಾಗಿ ಏರಿತು. ಹೆಂಗಸರ ಸಾಲಿನಲ್ಲಿ ಮಾವಶಿಯೂ ಇದ್ದರು, ಕಂಪನಿಯವರು ಕಾಕಾನಿಗೆ ಕೊಟ್ಟ ಪಾಸಿನ ಮೇಲೆ. ಮನೆಗೆ ಬಂದ ಮೇಲೆ ಯಾಕಷ್ಟು ತಡವಾಯಿತೆಂದು ಕೇಳಿದರು. ನನ್ನ ಪ್ರತಾಪ ಸಹಿತ ಎಲ್ಲ ಹೇಳಿದೆ, ನಗಲಿ ಎಂದು. ನಗಲಿಲ್ಲ.

“ಒಳಗ ಒಂದ ಚಿಲಕಾ. ಅಷ್ಟ ಕೇಳಿದ್ಲಂತ?”

“ಅಷ್ಟರಿ ಮಾವಶಿ.”

ಎದ್ದು ಒಳಗೆ ಹೋದರು.

ಬುಧವಾರ ಕಂಪನಿ ಊರು ಬಿಟ್ಟಿತು. ಗುರುವಾರ ವಖಾರದವರು ಆ ಚಿಲಕ ಕಿತ್ತು, ಮಂದಾರಾದೇವಿಯದೇ ಒಂದು ಚೀಟಿಯಲ್ಲಿ ಸುತ್ತಿ ಅಂಗಡಿಗೆ ಹಿಂತಿರುಗಿಸಿದರು. ಇನ್ನು ಅರಿಷಿಣ ತುಂಬುತ್ತೇವೆ, ಒಳಗೆ ಚಿಲಕ ಏಕೆ? ನ್ಯಾಯವಾದ ಮಾತು. ಕಾಕಾ ಅದನ್ನು ಹಳೆಯ ಸಾಮಾನಿನ ಬುಟ್ಟಿಗೆ ಎಸೆದರು. ನಾನು ಆರಿಸಿ ತಂದು ಮೇಜಿನ ಮೇಲೆ ಇಟ್ಟುಕೊಂಡೆ. ಬಾಯಿಯವರಿಗೆ ಒಂದು ಉದ್ದನೆಯ ಕಾಗದ ಬರೆದೆ. ಎರಡು ತಿಂಗಳ ಮೇಲೆ ಒಂದು ಕಾರ್ಡು ಬಂತು: “ಈರಣ್ಣನಿಗೆ ಆಶೀರ್ವಾದ. ಸೊಲ್ಲಾಪುರದಲ್ಲಿ ಹಾಕಿಸಿದ್ದು ಇನ್ನೂ ಇದೆ.” ಅಷ್ಟೇ. ನಾನು ಬರೆದ ಒಂಬತ್ತು ಪುಟದಲ್ಲಿ ಅಷ್ಟು ಸುದ್ದಿ ಇರಲಿಲ್ಲ.

ಎರಡು ವರ್ಷ ಆ ಚಿಲಕ ನನ್ನ ಗ್ರಂಥದ ಮೇಲೆ ಭದ್ರವಾಗಿ ಕೂತಿತ್ತು. ಬಂದ ಗೆಳೆಯರಿಗೆಲ್ಲ ಎತ್ತಿ ತೋರಿಸಿ ಸ್ತ್ರೀ ಸ್ವಾತಂತ್ರ್ಯದ ಬಗ್ಗೆ ಮಾತಾಡುತ್ತಿದ್ದೆ. ಮೂರು ದಿನದ ಹಿಂದೆ ಮಧ್ಯಾಹ್ನ ಮಂದಾರಾದೇವಿಯ ಒಂದು ಫೋಟೋ ಸಿಕ್ಕಿತು. ಗೋಡೆಗೆ ಹಾಕಬೇಕು, ಮೊಳೆ ಬೇಕು. ಹಿಂದಿನ ಕೋಣೆಯ ಬಾಗಿಲು ತಳ್ಳಿ ಒಳಗೆ ಹೋದೆ. ಮಾವಶಿ ತಲೆಗೆ ನೀರು ಹಾಕಿಕೊಂಡು ಬಂದು ಸೀರೆ ಉಡುತ್ತಿದ್ದರು. ನೆರಿಗೆ ಎದೆಗೆ ಒತ್ತಿ ಹಿಡಿದು ಗೋಡೆಯ ಕಡೆ ತಿರುಗಿದರು.

ಆಗ ನೆನಪಾಯಿತು, ಅದನ್ನು ಎಲ್ಲಿ ನೋಡಿದ್ದೆ ಎಂದು. ಪಿಕ್ಚರಿನಲ್ಲಿ ಅಲ್ಲ.

ಮೊಳೆ ಬಿಟ್ಟು ಹೊರಗೆ ಬಂದೆ. ಸ್ವಲ್ಪ ಹೊತ್ತಿಗೆ ಮಾವಶಿ ನನ್ನ ಮೇಜಿನ ಹತ್ತಿರ ಬಂದರು. ಚಿಲಕ ಕೈಗೆತ್ತಿಕೊಂಡರು. “ಇದು ಇಲ್ಲಿ ಸುಮ್ಮನ ಕುಂತೈತೆಲ್ಲ.”

“ಅದು ಮಂದಾರಾದೇವಿಯವರದ್ದರಿ ಮಾವಶಿ.”

“ಗೊತ್ತೈತಿ. ಅಕಿ ಸಣ್ಣಾಕಿದ್ದಾಗಿಂದ ಹಂಗ. ಹರಿಪುರದಾಗ ಇಬ್ಬರೂ ಕೂಡೇ ಅರಿಷಿಣಾ ಆರಸಾಕ ಹೋಗತಿದ್ವಿ. ಕೆಲಸಾ ನೋಡೂ ಮುಕಾದಮ ಬೈದ್ರ ಅಕಿ ಬುಟ್ಟಿ ಚೆಲ್ಲಿ ಎದ್ದ ಹೋಗತಿದ್ಲು.” ಚಿಲಕವನ್ನು ಸೆರಗಿನಿಂದ ಒರೆಸಿದರು. “ನಾ ಕುಂತ ತುಂಬತಿದ್ದೆ.”

ನನ್ನ ಮೊದಲ ಅಧ್ಯಾಯ! ವರ್ಷಗಟ್ಟಲೆ ಮೂರು ಊರು ಸುತ್ತಿದ್ದೆ. ಗಡಬಡಿಸಿ ಪೆನ್ನು ಹುಡುಕತೊಡಗಿದೆ.

“ಪೆನ್ನ ಆಮ್ಯಾಲ,” ಎಂದರು ಮಾವಶಿ. “ಸ್ಕ್ರೂಡ್ರೈವರ್ ತಗೋ.”

ಈ ಸಲ ಒಳಗೆ ನಿಂತು ಹಾಕಿದೆ. ನಾನು ನಿಂತಿರುವುದು ಒಳಗೇ ಹೌದೇ ಎಂದು ಎರಡು ಸಲ ಸುತ್ತ ನೋಡಿಕೊಂಡೆ. ಮುಗಿದ ಮೇಲೆ ಹೊಗಳಿಕೆಗೆ ಕಾದು ನಿಂತರೆ, “ಇನ್ನ ನೀ ಹೊರಗ ನಡಿ, ಹಾಕಿ ನೋಡ್ತೇನಿ” ಎಂದರು. ಹೊರಗೆ ಬಂದೆ. ಖಟ್. ತೆಗೆಯುತ್ತಾರೆಂದು ಕಾದೆ. ತೆಗೆಯಲಿಲ್ಲ.

ನಾಲ್ಕು ಗಂಟೆಗೆ ಕಾಕಾ ಅಂಗಡಿಯಿಂದ ಬಂದರು. “ಈರ್ಯಾ, ಚಾ ಆತೇನಂತ ಕೇಳು.”

“ಚಿಲಕಾ ಹಾಕ್ಯಾರ್ರಿ.”

“ತಗದ ಒಳಗ ಹೋಗು.”

“ಹೊರಗಿಂದ ಬರೂದಿಲ್ಲರಿ.”

ಕಾಕಾ ಬಂದು ಬಾಗಿಲನ್ನು ಒಂದು ಬೆರಳಿನಿಂದ ತಳ್ಳಿದರು, ಆಮೇಲೆ ಅಂಗೈಯಿಂದ. ಚಿಲಕ ಒಳಗೆ ಅಲುಗಾಡಿದ ಸದ್ದಿಗೆ ಕಿವಿಗೊಟ್ಟರು. “ಹಿತ್ತಾಳಿದು. ನಾಕ ಇಂಚಿಂದು,” ಎಂದರು. ಎಷ್ಟೆಂದರೂ ವ್ಯಾಪಾರಿ. ಆಮೇಲೆ ತಾವೇ ಅಡುಗೆಮನೆಗೆ ಹೋದರು. ಪಾತ್ರೆ ಬಿದ್ದ ಸದ್ದು, ಡಬ್ಬಿಗಳ ಸದ್ದು, ಒಲೆ ಊದುವ ಸದ್ದು, ಕೆಮ್ಮು. ಮತ್ತೆ ಬಂದರು.

“ಸಕ್ರಿ ಎಲ್ಲೈತಂತ ಕೇಳು ನಿಮ್ಮ ಮಾವಶೀನ್ನ.”

ನಾನು ಕೇಳಲಿಲ್ಲ. ಸುಮ್ಮನೆ ಕೂತು ಹಾರುತ್ತಿದ್ದ ಕಾಗದಗಳನ್ನು ಹಿಡಿಯುತ್ತಿದ್ದೆ. ಕಾಕಾ ನನ್ನನ್ನು ನೋಡಿದರು, ಬಾಗಿಲನ್ನು ನೋಡಿದರು. ಗಂಟಲು ಸರಿಮಾಡಿಕೊಂಡರು.

“ಅಲ್ರೀ... ಸಕ್ರಿ ಡಬ್ಬಿ ಎಲ್ಲೈತ್ರಿ?”

ಇಪ್ಪತ್ತು ವರ್ಷದಲ್ಲಿ ಅದು ಕಾಕಾ ಮಾವಶಿಗೆ ನೇರವಾಗಿ ಆಡಿದ ಮೊದಲ ಮಾತು. ಒಳಗಿನಿಂದ, ಏನೂ ಅವಸರವಿಲ್ಲದೆ, ಉತ್ತರವೂ ನೇರವಾಗಿಯೇ ಬಂತು:

“ಹುಡುಕ್ರಿ.”